ಸರ್ಕಾರಿ ಶಾಲೆಯೋ, ಅನುದಾನಿತವೋ, ಕಾನ್ವೆಂಟೋ: ಮೈಸೂರಿನಲ್ಲಿ ಮಗುವಿಗೆ ಶಾಲೆ ಆರಿಸುವ ಬಗೆ

ಗಾಂಧಿನಗರ, ಕ್ಯಾತಮಾರನಹಳ್ಳಿ, ರಾಜೀವನಗರ, ಕೆಸರೆ, ಮೇಟಗಳ್ಳಿ ಕಡೆಯ ಮನೆಗಳಲ್ಲಿ ಮಗುವಿಗೆ ಐದು ತುಂಬುತ್ತಿದ್ದಂತೆ ಒಂದೇ ಚಿಂತೆ. ಗೌರ್ಮೆಂಟ್ ಶಾಲೆಗೆ ಹಾಕುವುದೋ, ಸಾಲ ಮಾಡಿಯಾದರೂ ಕಾನ್ವೆಂಟಿಗೆ ಹಾಕುವುದೋ? ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು, ಗಾರೆ ಕೆಲಸದವರು, ಆಟೋ ಓಡಿಸುವವರು ಇದನ್ನು ಬಹಳ ಸಲ ಪಕ್ಕದ ಮನೆಯವರ ಮಾತು ಕೇಳಿಯೋ, ಗೇಟಿನ ಮುಂದೆ ನಿಂತ ಹಳದಿ ವ್ಯಾನು ನೋಡಿಯೋ ತೀರ್ಮಾನ ಮಾಡುತ್ತಾರೆ. ನಿಜವಾಗಿ ನೋಡಬೇಕಾದ್ದು ಬೇರೆ: ಆ ಶಾಲೆಯಲ್ಲಿ ಮೂರನೇ ತರಗತಿ ದಾಟಿದ ಮಗು ಒಂದು ಪುಟವನ್ನು ಓದಿ, ಓದಿದ್ದೇನೆಂದು ಹೇಳುತ್ತದೆಯೇ? ಇದನ್ನು ಕಂಡುಕೊಳ್ಳುವುದಕ್ಕೆ ಹೆಚ್ಚು ಓದಿರಬೇಕಿಲ್ಲ. ಎರಡು ಬೆಳಗ್ಗೆ, ಒಂದು ಹಾಳೆ ಮತ್ತು ಸ್ವಲ್ಪ ಧೈರ್ಯ ಇದ್ದರೆ ಸಾಕು.

ಯಾವ ಶಾಲೆ ಯಾರದು

ಸರ್ಕಾರಿ ಶಾಲೆಯಲ್ಲಿ ಕಟ್ಟಡ, ಮೇಷ್ಟ್ರು, ಸಂಬಳ ಎಲ್ಲವೂ ಸರ್ಕಾರದ್ದು. ಕಿರಿಯ ಪ್ರಾಥಮಿಕ ಶಾಲೆ 5ರವರೆಗೆ, ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ 7ರವರೆಗೆ, ಕೆಲವು ಕಡೆ 8ರವರೆಗೆ ಇರುತ್ತದೆ. ಮುಂದಕ್ಕೆ ಪ್ರೌಢಶಾಲೆ. ಕರ್ನಾಟಕ ಪಬ್ಲಿಕ್ ಶಾಲೆಯಾದರೆ ಎಲ್‌ಕೆಜಿಯಿಂದ ಪಿಯುಸಿವರೆಗೂ ಒಂದೇ ಆವರಣ. ಅನುದಾನಿತ ಶಾಲೆಯನ್ನು ಟ್ರಸ್ಟೋ ಮಠವೋ ಚರ್ಚೋ ನಡೆಸುತ್ತದೆ, ಮಂಜೂರಾದ ಹುದ್ದೆಗಳ ಸಂಬಳವನ್ನು ಸರ್ಕಾರ ಕೊಡುತ್ತದೆ. ಮೂರನೆಯದು ಅನುದಾನರಹಿತ ಖಾಸಗಿ ಶಾಲೆ. ನಾವು ಕಾನ್ವೆಂಟ್ ಅನ್ನುವುದು ಇದನ್ನೇ. ಇದು ಪೂರ್ತಿ ನಿಮ್ಮ ಫೀಸಿನ ಮೇಲೆ ನಡೆಯುತ್ತದೆ.

ಸರ್ಕಾರದ ಹಣದಲ್ಲಿ ಖಾಸಗಿಯವರು ಶಾಲೆ ನಡೆಸಿದರೆ ಬಡವರ ಮಕ್ಕಳಿಗೆ ಒಳ್ಳೆಯದಾಗುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದವರು ಮೂವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅಲ್ಲಿ ಇಂಥವಕ್ಕೆ ಚಾರ್ಟರ್ ಶಾಲೆ ಅನ್ನುತ್ತಾರೆ. ಮಿನ್ನೆಸೋಟ ರಾಜ್ಯ 1991ರಲ್ಲಿ ಕಾನೂನು ಮಾಡಿತು, 1992ರಲ್ಲಿ ಮೊದಲ ಶಾಲೆ ತೆರೆಯಿತು. ಅಲ್ಲಿ ಫೀಸಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅನುದಾನಿತ ಶಾಲೆ, ಕಾನ್ವೆಂಟ್ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಹೋಲಿಸಿ ನೋಡಿದಾಗ ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಮಾಮೂಲಿ ಸರ್ಕಾರಿ ಶಾಲೆಗಳಿಗಿಂತ ಮುಂದಿದ್ದವು, ಶೇ. 37ರಷ್ಟು ಹಿಂದಿದ್ದವು, ಉಳಿದವುಗಳಲ್ಲಿ ವ್ಯತ್ಯಾಸ ಇರಲಿಲ್ಲ. 2015ರಲ್ಲಿ ಅವರೇ 41 ನಗರ ಪ್ರದೇಶಗಳನ್ನಷ್ಟೇ ನೋಡಿದಾಗ ಚಾರ್ಟರ್ ಮಕ್ಕಳು ಸರಾಸರಿಯಲ್ಲಿ ಮುಂದಿದ್ದರು, ಆದರೆ ಎಲ್ಲ ಊರಲ್ಲೂ ಅಲ್ಲ.

ನಮಗೆ ಇನ್ನೂ ಹತ್ತಿರದ್ದು ಆಂಧ್ರದ ಹಳ್ಳಿಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ. ಸರ್ಕಾರಿ ಶಾಲೆಯ ಮಕ್ಕಳಿಗೆ ಚೀಟಿ ಎತ್ತಿ, ಗೆದ್ದವರಿಗೆ ಖಾಸಗಿ ಶಾಲೆಯ ಫೀಸು ಕಟ್ಟಿದರು. ನಾಲ್ಕು ವರ್ಷದ ಮೇಲೆ ಪರೀಕ್ಷೆ ಕೊಟ್ಟರೆ ತೆಲುಗಿನಲ್ಲಿ, ಗಣಿತದಲ್ಲಿ ಎರಡೂ ಕಡೆಯ ಮಕ್ಕಳು ಸಮ ಸಮ. ಹಿಂದಿಯಲ್ಲಿ ಖಾಸಗಿ ಮಕ್ಕಳು ಮುಂದೆ, ಏಕೆಂದರೆ ಹಿಂದಿ ಪಾಠ ಇದ್ದದ್ದು ಅಲ್ಲೇ. ಅಂದರೆ ಗೇಟಿನ ಬೋರ್ಡು ನೋಡಿ ಕಲಿಕೆ ಹೇಗಿದೆಯೆಂದು ಹೇಳಲಾಗದು. ಒಂದೊಂದು ಶಾಲೆಯನ್ನೂ ಒಳಗೆ ಹೋಗಿಯೇ ನೋಡಬೇಕು.

ಮನೆಯಲ್ಲೇ ಕೂತು ಮಾಡುವ ಕೆಲಸ

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುವ ಶಾಲೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆರು ವರ್ಷದ ಮಗುವಿಗೆ ಒಂದು ಕಿಲೋಮೀಟರ್ ದಾಟಬಾರದು. ನಡುವೆ ರಿಂಗ್ ರೋಡೋ ರೈಲ್ವೆ ಗೇಟೋ ಬಂದರೆ ಅರ್ಧ ಕಿಲೋಮೀಟರೂ ದೂರವೇ.

ಪ್ರತಿ ಶಾಲೆಗೂ ಸರ್ಕಾರದ ಲೆಕ್ಕದಲ್ಲಿ ಯುಡೈಸ್ ಎಂಬ 11 ಅಂಕಿಯ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದಾದರೆ ಅದು 29ರಿಂದ ಶುರುವಾಗುತ್ತದೆ. ಶಾಲೆಯವರನ್ನೇ ಕೇಳಿ ಪಡೆಯಿರಿ. ಕೊಡಲು ತಡವರಿಸಿದರೆ ಅಲ್ಲೇ ಒಂದು ಗುರುತು ಹಾಕಿಕೊಳ್ಳಿ. ಮೊಬೈಲಿನಲ್ಲಿ ಯುಡೈಸ್ ಪ್ಲಸ್ ಜಾಲತಾಣ ತೆರೆದು, ‘ನೋ ಯುವರ್ ಸ್ಕೂಲ್’ ಎಂಬಲ್ಲಿ ಆ ಸಂಖ್ಯೆ ಹಾಕಿ. ಮಕ್ಕಳೆಷ್ಟು, ಮೇಷ್ಟ್ರುಗಳೆಷ್ಟು, ಯಾವ ಮಾಧ್ಯಮ, ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಶೌಚಾಲಯಗಳೆಷ್ಟು ಎಂಬುದು ಸಿಗುತ್ತದೆ. ಇದು ಶಾಲೆಯವರೇ ತುಂಬಿದ ಮಾಹಿತಿ, ವರ್ಷದ ಹಿಂದಿನದೂ ಇರಬಹುದು. ಹಾಗಾಗಿ ನಂಬಿ ಕೂರುವುದಕ್ಕಲ್ಲ, ಶಾಲೆಗೆ ಹೋದಾಗ ತಾಳೆ ನೋಡುವುದಕ್ಕೆ.

ಶಿಕ್ಷಣ ಹಕ್ಕು ಕಾಯ್ದೆಯ ಅಳತೆ ನೆನಪಿರಲಿ. 1ರಿಂದ 5ರವರೆಗೆ 60 ಮಕ್ಕಳಿದ್ದರೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಮೇಷ್ಟ್ರು ಇರಬೇಕು. 6ರಿಂದ 8ರವರೆಗೆ 35 ಮಕ್ಕಳಿಗೆ ಒಬ್ಬರಂತೆ, ವಿಜ್ಞಾನ-ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ಒಬ್ಬೊಬ್ಬರು. ಈ ಅಳತೆ ಖಾಸಗಿ ಶಾಲೆಗೂ ಅನ್ವಯಿಸುತ್ತದೆ. ಒಂದೇ ಕೋಣೆಯಲ್ಲಿ 55 ಮಕ್ಕಳನ್ನು ಕೂರಿಸಿದ ಕಾನ್ವೆಂಟಿಗೆ ಯಾವ ರಿಯಾಯಿತಿಯೂ ಇಲ್ಲ.

ಖಾಸಗಿ ಶಾಲೆ ಪಟ್ಟಿಯಲ್ಲಿದ್ದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಮೈಸೂರಿನಲ್ಲಿ ಉತ್ತರ, ದಕ್ಷಿಣ, ಗ್ರಾಮಾಂತರ ಎಂದು ಮೂರು ವಲಯಗಳಿವೆ. ನಿಮ್ಮ ಶಾಲೆ ಯಾವುದಕ್ಕೆ ಸೇರುತ್ತದೆಂದು ಮೊದಲು ತಿಳಿದುಕೊಳ್ಳಿ, ಇಲ್ಲದಿದ್ದರೆ ಒಂದು ಬೆಳಗ್ಗೆ ಆಫೀಸಿನಿಂದ ಆಫೀಸಿಗೆ ಸುತ್ತುವುದೇ ಆಗುತ್ತದೆ. ಅಲ್ಲಿ ಕೇಳಬೇಕಾದ್ದು ಮೂರು: ಈ ವರ್ಷ ಮಾನ್ಯತೆ ಇದೆಯೇ, ಯಾವ ತರಗತಿಯವರೆಗೆ ಇದೆ, ಯಾವ ಮಾಧ್ಯಮ ಮತ್ತು ಯಾವ ಪಠ್ಯಕ್ರಮಕ್ಕೆ ಇದೆ. 5ರವರೆಗೆ ಮಾತ್ರ ಅನುಮತಿ ಇದ್ದು 7ರವರೆಗೆ ನಡೆಸುವ ಶಾಲೆಯಲ್ಲಿ ಮೇಲಿನ ತರಗತಿಯ ಮಕ್ಕಳ ಹೆಸರು ಬೇರೆ ಯಾವುದೋ ಶಾಲೆಯ ದಾಖಲೆಯಲ್ಲಿ ಇರುತ್ತದೆ. ಟಿಸಿ ಬೇಕಾದಾಗ ಎಂದೂ ಕಾಲಿಡದ ಶಾಲೆಯ ಬಾಗಿಲಿಗೆ ಅಲೆಯಬೇಕಾಗುತ್ತದೆ. ಗೇಟಿನ ಮೇಲೆ ಸಿಬಿಎಸ್‌ಇ ಎಂದು ಬರೆದು ಒಳಗೆ ರಾಜ್ಯ ಪಠ್ಯಕ್ರಮದ ಅನುಮತಿಯಷ್ಟೇ ಇರುವುದೂ ಉಂಟು. ಸಿಬಿಎಸ್‌ಇ ಎಂದರೆ ಸಂಯೋಜನೆ (ಅಫಿಲಿಯೇಷನ್) ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ.

ಆರ್‌ಟಿಇ ಸೀಟಿನ ಆಸೆಯಲ್ಲಿ ಕಾಯುವವರಿಗೆ ಒಂದು ಮಾತು. ಆರ್‌ಟಿಇ ಎಂದರೆ ಶಿಕ್ಷಣ ಹಕ್ಕು ಕಾಯ್ದೆ. ಅದರ ಪ್ರಕಾರ ಖಾಸಗಿ ಶಾಲೆಯ ಆರಂಭದ ತರಗತಿಯಲ್ಲಿ ಶೇ. 25 ಸೀಟು ಬಡ ಮಕ್ಕಳಿಗೆ. ಆದರೆ 2019-20ನೇ ಸಾಲಿನಿಂದ ನಮ್ಮ ರಾಜ್ಯದ ನಿಯಮ ಬದಲಾಗಿದೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗದು. ನಗರದ ಬಹುತೇಕ ವಾರ್ಡುಗಳಲ್ಲಿ ಇಂಥ ಶಾಲೆ ಒಂದಾದರೂ ಇರುವುದರಿಂದ ಸೀಟು ಬೆರಳೆಣಿಕೆಯಷ್ಟೇ. ಯಾರಾದರೂ ‘ಆರ್‌ಟಿಇ ಸೀಟು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ’ ಎಂದರೆ ದುಡ್ಡು ಬಿಚ್ಚಬೇಡಿ. ಅರ್ಜಿ ಹಾಕುವುದು ಆನ್‌ಲೈನಿನಲ್ಲಿ, ಆಯ್ಕೆ ಲಾಟರಿಯಲ್ಲಿ.

ಶಾಲೆಯ ಒಳಗೆ

ದಾಖಲಾತಿ ನಡೆಯುವ ದಿನ ಹೋದರೆ ನಿಮಗೆ ಕಾಣುವುದು ತೋರಣ ಮಾತ್ರ. ಹಿಂದಿನ ವರ್ಷದ ಜುಲೈ-ಆಗಸ್ಟಿನಲ್ಲೋ, ದಸರಾ ರಜೆ ಮುಗಿದ ಮೇಲೆ ನವೆಂಬರಿನಲ್ಲೋ, ವಾರದ ನಡುವಿನ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ. ಮುಖ್ಯ ಶಿಕ್ಷಕರಿಗೆ ನಮಸ್ಕಾರ ಹೇಳಿ, ‘ಮುಂದಿನ ವರ್ಷಕ್ಕೆ ಮಗುವನ್ನು ಸೇರಿಸೋಣ ಅಂತಿದ್ದೀವಿ ಸಾರ್, ಒಂದ್ಸಲ ತರಗತಿ ನೋಡಬಹುದಾ’ ಎಂದು ಕೇಳಿ. ಸರ್ಕಾರಿ ಶಾಲೆಯಲ್ಲಿ ಬೇಡ ಅನ್ನುವವರು ಕಡಿಮೆ. ಖಾಸಗಿಯವರು ಆಫೀಸಿನಲ್ಲೇ ಕೂರಿಸಿ ಕಳಿಸಲು ನೋಡಿದರೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಬೇರೆ ತಾಯಂದಿರನ್ನು ಮಾತಾಡಿಸಿ.

ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿ ನೋಡಿ ಎಷ್ಟೋ ಜನ ಬೆಚ್ಚಿ ವಾಪಸ್ ಬರುತ್ತಾರೆ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿರುತ್ತಾರೆ. ಒಂದು ಗುಂಪು ಕಾರ್ಡು ಹಿಡಿದು ಗುನುಗುತ್ತದೆ, ಇನ್ನೊಂದು ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ಬರೆಯುತ್ತದೆ, ಮೇಷ್ಟ್ರು ನಾಲ್ಕು ಮಕ್ಕಳ ಜೊತೆ ನೆಲದ ಮೇಲೆ ಕೂತಿರುತ್ತಾರೆ. ‘ಪಾಠವೇ ಮಾಡ್ತಿಲ್ಲ’ ಅನ್ನಿಸುತ್ತದೆ. ಅದು ನಲಿಕಲಿ. 1995ರಲ್ಲಿ ನಮ್ಮದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಪ್ರತಿ ಮಗುವೂ ಕಲಿಕಾ ಏಣಿಯ ಮೆಟ್ಟಿಲನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಒಂದು ಕಾರ್ಡು ಮುಗಿಸಿದ ಮೇಲೆ ಮುಂದಿನದು.

ನಲಿಕಲಿ ನಿಜವಾಗಿ ನಡೆಯುತ್ತಿದೆಯೇ, ಹೆಸರಿಗಿದೆಯೇ ಎಂದು ತಿಳಿಯಲು ನಾಲ್ಕು ಗುರುತು. ಕಾರ್ಡುಗಳ ಅಂಚು ಸವೆದಿರಬೇಕು. ಪ್ಲಾಸ್ಟಿಕ್ ಬಿಚ್ಚದೆ ಬೀರುವಿನಲ್ಲಿ ಕೂತ ಕಾರ್ಡು ಮಗುವಿನ ಕೈಗೆ ಸಿಕ್ಕಿಲ್ಲ ಎಂದೇ ಅರ್ಥ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ತೂಗುವ ಚಿತ್ರಗಳು ಈ ತಿಂಗಳವೋ, ಹೋದ ವರ್ಷದ ಧೂಳು ಹಿಡಿದವೋ ನೋಡಿ. ಒಂದು ಮಗುವನ್ನು ಕರೆದು ‘ನೀನು ಯಾವ ಕಾರ್ಡಿನಲ್ಲಿದ್ದೀಯ ಪುಟ್ಟ’ ಎಂದು ಕೇಳಿ. ನಡೆಯುವ ಕಡೆ ಮಗು ಓಡಿ ಹೋಗಿ ತಂದು ತೋರಿಸುತ್ತದೆ. ನಾಲ್ಕನೆಯದು, ಒಬ್ಬ ಮೇಷ್ಟ್ರಿಗೆ ಮಕ್ಕಳೆಷ್ಟು ಎಂಬುದು. ಮೂವತ್ತು ದಾಟಿದರೆ ಹಿಂದುಳಿದ ಮಗುವಿನ ಪಕ್ಕ ಕೂರಲು ಮೇಷ್ಟ್ರಿಗೆ ಹೊತ್ತು ಸಿಗುವುದು ಕಷ್ಟ. ಈ ಪದ್ಧತಿ ಕುಸಿಯುವುದು ಹೆಚ್ಚಾಗಿ ಅಲ್ಲೇ.

ಕಾನ್ವೆಂಟಿನಲ್ಲಿ ನೋಟ್‌ಬುಕ್ ಕೇಳಿ. ಮೂರನೇ ತರಗತಿಯ ಎರಡು ಮಕ್ಕಳ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿ. ಅಕ್ಷರ ಮುತ್ತಿನಂತಿದ್ದು, ಪ್ರಶ್ನೆ-ಉತ್ತರ ಎರಡರಲ್ಲೂ ಒಂದಕ್ಷರ ಬಿಡದೆ ಒಂದೇ ಆಗಿದ್ದರೆ ಅದು ಬೋರ್ಡು ನೋಡಿ ಇಳಿಸಿಕೊಂಡದ್ದು. ಆ ಪುಟದ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು ‘ಇದೊಂದು ಓದು ಕಂದ’ ಎನ್ನಿ. ಮೊದಲಿಂದ ಶುರು ಮಾಡಿದರೆ ಗಡಗಡ ಹೇಳುವ ಮಗು ನಡುವಿನ ಸಾಲಿನಲ್ಲಿ ನಿಂತುಬಿಟ್ಟರೆ ಅದು ಓದುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದೆ. ತಪ್ಪು ಮಗುವಿನದಲ್ಲ, ಆದರೆ ನೀವು ಕಟ್ಟಲಿರುವ ಫೀಸಿಗೆ ಸಿಗುವುದು ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಬ್ರೋಷರೂ ಹೇಳದು.

ಕೆಲವು ಪ್ರಶ್ನೆಗಳನ್ನು ಶಾಲೆ ನೋಡಿ ಕೇಳಬೇಕು. ಸರ್ಕಾರಿ ಶಾಲೆಯಲ್ಲಿ: ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಶಿಕ್ಷಕರು ಎಷ್ಟು ಜನ? ಅತಿಥಿ ಶಿಕ್ಷಕರ ನೇಮಕ ಶಾಲೆ ಶುರುವಾದ ಮೇಲೆ ಆಗುವುದರಿಂದ ಅವರ ಮೇಲೇ ನಿಂತ ತರಗತಿಗೆ ಮೊದಲ ವಾರಗಳು ಖಾಲಿ ಹೋಗುವ ಅಪಾಯವಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆಯೇ ಎಂದೂ ಕೇಳಿ, ಇಳಿದರೆ ‘ಹೆಚ್ಚುವರಿ’ ಎಂದು ಮೇಷ್ಟ್ರನ್ನು ಬೇರೆ ಶಾಲೆಗೆ ಹಾಕುತ್ತಾರೆ. ಅನುದಾನಿತ ಶಾಲೆಯಲ್ಲಿ: ಮಂಜೂರಾದ ಹುದ್ದೆಗಳಲ್ಲಿ ಎಷ್ಟು ತುಂಬಿವೆ, ಎಷ್ಟು ಖಾಲಿ? ನಿವೃತ್ತರಾದವರ ಜಾಗಕ್ಕೆ ಅನುಮತಿ ಸಿಗದೆ ಆಡಳಿತ ಮಂಡಳಿ ತನ್ನ ದುಡ್ಡಿನಲ್ಲಿ ಕಡಿಮೆ ಸಂಬಳಕ್ಕೆ ಇಟ್ಟುಕೊಂಡವರು ಹೆಚ್ಚಿದ್ದರೆ ಹೆಸರಿಗಷ್ಟೇ ಅನುದಾನಿತ ಶಾಲೆ. ಇನ್ನೊಂದು: ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಕನ್ನಡ ಮಾಧ್ಯಮ, ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಎರಡೂ ನಡೆಯುವುದುಂಟು. ನಿಮ್ಮ ಮಗು ಯಾವುದಕ್ಕೆ ಸೇರುತ್ತದೆ ಎಂಬುದನ್ನು ರಸೀದಿಯಲ್ಲೇ ನೋಡಿ. ಖಾಸಗಿ ಶಾಲೆಯಲ್ಲಿ: ಹೋದ ವರ್ಷ ಇದ್ದ ಮಿಸ್ಸುಗಳಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ? ಅರ್ಧಕ್ಕರ್ಧ ಬದಲಾಗಿದ್ದರೆ ಕಾರಣ ಸಾಮಾನ್ಯವಾಗಿ ಸಂಬಳ.

ಶೌಚಾಲಯವನ್ನು ಮಧ್ಯಾಹ್ನ ಹನ್ನೆರಡರ ಮೇಲೆ ನೋಡಿ. ಬೆಳಗ್ಗೆ ಎಲ್ಲ ಕಡೆಯೂ ತೊಳೆದಿರುತ್ತದೆ. ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿ. ಚಿಲಕವಿಲ್ಲದ ಕಡೆ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಇರುತ್ತಾರೆ.

ಒಂದು ಹಾಳೆಯ ಪರೀಕ್ಷೆ

ನಿಮ್ಮ ಬೀದಿಯಲ್ಲಿ, ವಠಾರದಲ್ಲಿ ಆ ಶಾಲೆಗೆ ಹೋಗುವ 3ರಿಂದ 5ನೇ ತರಗತಿಯ ನಾಲ್ಕೈದು ಮಕ್ಕಳು ಇದ್ದೇ ಇರುತ್ತಾರೆ. ತಂದೆತಾಯಿಗೆ ಹೇಳಿ, ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ಹಾಳೆಯಲ್ಲಿ ದೊಡ್ಡದಾಗಿ ಇದನ್ನು ಬರೆದಿಡಿ:

‘ಅಜ್ಜಿ ಸಂತೆಗೆ ಹೋದಳು. ಅಲ್ಲಿ ಎರಡು ಡಜನ್ ಬಾಳೆಹಣ್ಣು ಕೊಂಡಳು. ದಾರಿಯಲ್ಲಿ ಮಂಗವೊಂದು ಚೀಲ ಕಿತ್ತುಕೊಂಡಿತು. ಅಜ್ಜಿ ಸಿಟ್ಟಾಗಲಿಲ್ಲ, ನಕ್ಕಳು.’

ಓದಲು ಹೇಳಿ. ಓದಿದ ಮೇಲೆ ಹಾಳೆ ತಿರುಗಿಸಿಟ್ಟು ‘ಚೀಲ ಯಾರು ಕಿತ್ತುಕೊಂಡರು? ಅಜ್ಜಿ ಏನು ಮಾಡಿದಳು?’ ಎಂದು ಕೇಳಿ. ಇದು ಎರಡನೇ ತರಗತಿಯ ಮಟ್ಟ. ಒತ್ತಕ್ಷರದಲ್ಲಿ ತಡವರಿಸಿದರೆ ಪರವಾಗಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದಿ ಕೊನೆಗೆ ಅರ್ಥ ಹೇಳಲಾಗದಿದ್ದರೆ ಓದು ಇನ್ನೂ ಕೂತಿಲ್ಲ. ಲೆಕ್ಕಕ್ಕೆ ಎರಡು ಸಾಕು: 63ರಲ್ಲಿ 28 ಕಳೆಯುವುದು ಮೂರನೆಯವರಿಗೆ, 745ನ್ನು 6ರಿಂದ ಭಾಗಿಸುವುದು ಐದನೆಯವರಿಗೆ. ಉತ್ತರ 35, ಮತ್ತು 124 ಉಳಿಕೆ 1. ಮೊದಲನೆಯದಕ್ಕೆ 45 ಎಂದು ಬಂದರೆ ಮಗುವಿಗೆ ದಶಕ ತರುವುದು ಗೊತ್ತಿಲ್ಲ. 8ರಲ್ಲಿ 3 ಕಳೆದು, 6ರಲ್ಲಿ 2 ಕಳೆದಿದೆ. ತಿದ್ದಬಹುದಾದ ತಪ್ಪು ಇದು. ಆದರೆ ಒಂದೇ ಶಾಲೆಯ ನಾಲ್ಕು ಮಕ್ಕಳೂ ಇದೇ ತಪ್ಪು ಮಾಡಿದರೆ ತೊಂದರೆ ಶಾಲೆಯದು.

ಇಂಗ್ಲಿಷ್ ಮಾಧ್ಯಮದ ಮಗುವಿಗೆ ಅದರದೇ ಹಳೆಯ ಪುಸ್ತಕದಿಂದ ನಾಲ್ಕು ಸಾಲು ಓದಿಸಿ, ಅದನ್ನು ಕನ್ನಡದಲ್ಲೋ ಮನೆಯ ಮಾತಿನಲ್ಲೋ ಹೇಳಿಸಿ. ಉಚ್ಚಾರ ಚೆನ್ನಾಗಿದೆಯೆಂದು ಮೋಸ ಹೋಗಬೇಡಿ. ಅರ್ಥ ಹೇಳಲಾಗದ ಮಗುವಿಗೆ ನಾಲ್ಕನೇ ತರಗತಿಯಿಂದ ಪರಿಸರ ಅಧ್ಯಯನವೂ ಗಣಿತದ ಮಾತಿನ ಲೆಕ್ಕವೂ ಕತ್ತಲೆ.

ಈ ಮಕ್ಕಳು ಟ್ಯೂಷನ್‌ಗೆ ಹೋಗುತ್ತಾರೆಯೇ ಎಂದು ಕೇಳಿ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಎಲ್ಲರೂ ಟ್ಯೂಷನ್ ಮಕ್ಕಳೇ ಆದರೆ ನೀವು ಅಳೆದದ್ದು ಟ್ಯೂಷನ್ ಮಿಸ್ಸನ್ನು, ಶಾಲೆಯನ್ನಲ್ಲ. ಮಕ್ಕಳ ಮುಂದೆ ಯಾರನ್ನೂ ಹೋಲಿಸಬೇಡಿ, ಅಂಕ ಹೇಳಬೇಡಿ.

ಪ್ರೌಢಶಾಲೆ ಆರಿಸುವವರು ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬ್ಯಾನರ್ ನೋಡುತ್ತಾರೆ. ಶೇ. 100 ಎಂದಿದ್ದರೆ ಒಂದು ಪ್ರಶ್ನೆ ಕೇಳಿ: ಇದೇ ಮಕ್ಕಳು ಎಂಟನೆಯಲ್ಲಿದ್ದಾಗ ಎಷ್ಟು ಜನ ಇದ್ದರು, ಪರೀಕ್ಷೆಗೆ ಕೂತವರೆಷ್ಟು? 60 ಜನ ಇದ್ದು 41 ಜನ ಕೂತಿದ್ದರೆ ಉಳಿದ 19 ಮಕ್ಕಳು ಎಲ್ಲಿ ಹೋದರು? ಒಂಬತ್ತರಲ್ಲಿ ಫೇಲ್ ಮಾಡಿ ಟಿಸಿ ಕೈಗೆ ಕೊಡುವುದು, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವುದು, ಇವೆಲ್ಲ ಫಲಿತಾಂಶ ಹೊಳೆಯಿಸುವ ದಾರಿಗಳು. ಹಿಂದುಳಿದ ಮಗುವನ್ನು ಹೊರಗಟ್ಟದೆ ಶೇ. 80 ತಂದ ಶಾಲೆಗೇ ನಮ್ಮ ಮತ.

ದುಡ್ಡಿನ ಲೆಕ್ಕ ಹತ್ತು ವರ್ಷಕ್ಕೆ ಹಾಕಿ

ಶಾಲೆಯವರು ಹೇಳುವ ಫೀಸು ಪೂರ್ತಿ ಖರ್ಚಲ್ಲ. ಲೆಕ್ಕ ಹಾಕುವ ಮಾದರಿಗೆ ಒಂದು ಉದಾಹರಣೆ. ಬೋಧನಾ ಶುಲ್ಕ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಅಡ್ಮಿಷನ್ 3,000, ಪುಸ್ತಕ-ನೋಟ್‌ಬುಕ್ 4,000, ಎರಡು ಜೊತೆ ಯೂನಿಫಾರ್ಮ್ ಮತ್ತು ಶೂ 3,000, ಆಟೋಗೆ ತಿಂಗಳಿಗೆ 900ರಂತೆ ಹತ್ತು ತಿಂಗಳಿಗೆ 9,000, ಟ್ಯೂಷನ್ 500ರಂತೆ 5,000, ವಾರ್ಷಿಕೋತ್ಸವ-ಪ್ರವಾಸ 1,500. ಒಟ್ಟು 43,500. ಹೇಳಿದ ಫೀಸು ಅರ್ಧಕ್ಕಿಂತ ಕಡಿಮೆ. ಹಿಂದೆ ಇನ್ನೊಂದು ಮಗು ಇದ್ದರೆ 87,000. ನಿಮ್ಮ ಶಾಲೆಯ ಅಂಕಿಗಳನ್ನು ಈ ಜಾಗಗಳಲ್ಲಿ ತುಂಬಿ. ವರ್ಷ ವರ್ಷ ಫೀಸು ಏರುವುದನ್ನೂ ಸೇರಿಸಿ, ಹತ್ತನೇ ತರಗತಿಯವರೆಗೆ ಬರೆದು ನೋಡಿ.

ಹತ್ತು ವರ್ಷ ಎನ್ನುವುದಕ್ಕೆ ಕಾರಣವಿದೆ. ಒಂದನೇ ತರಗತಿಗೆ ಹೇಗೋ ಹೊಂದಿಸುತ್ತಾರೆ. ಐದನೆಯದಕ್ಕೋ ಆರನೆಯದಕ್ಕೋ ಬರುವಾಗ ಫೀಸು ಬಾಕಿ ಬೀಳುತ್ತದೆ, ಮಗುವನ್ನು ತರಗತಿಯಿಂದ ಹೊರಗೆ ನಿಲ್ಲಿಸುತ್ತಾರೆ, ಕೊನೆಗೆ ಅವಮಾನದಲ್ಲಿ ಶಾಲೆ ಬಿಡಿಸುತ್ತಾರೆ. ಇಂಗ್ಲಿಷಿನಲ್ಲಿ ಅರ್ಧ ಕಲಿತ ಮಗು ಕನ್ನಡ ಮಾಧ್ಯಮದ ಆರನೇ ತರಗತಿಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬ ಪದದ ಮುಂದೆ ಕೂರುತ್ತದೆ. ಪೂರ್ತಿ ಹತ್ತು ವರ್ಷ ಕಟ್ಟಲಾಗದು ಎಂದು ಲೆಕ್ಕ ಹೇಳಿದರೆ ಮೊದಲ ದಿನದಿಂದಲೇ ಒಳ್ಳೆಯ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹಾಕಿ, ಉಳಿದ ದುಡ್ಡಿನಲ್ಲಿ ಕಥೆ ಪುಸ್ತಕ ಕೊಡಿಸಿ.

ಆ ಕಡೆಯ ತಕ್ಕಡಿಯಲ್ಲಿ ಏನಿದೆ ಎಂದೂ ಎಣಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲು ಇದೆ, 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇದೆ. ಪಠ್ಯಪುಸ್ತಕ ಉಚಿತ. ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರ, ಶೂ-ಸಾಕ್ಸೂ ಸಿಗುತ್ತವೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಎನ್‌ಎಂಎಂಎಸ್ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ 3.5 ಲಕ್ಷದ ಒಳಗಿರಬೇಕು. ಖಾಸಗಿ ಅನುದಾನರಹಿತ ಶಾಲೆಯ ಮಕ್ಕಳಿಗೆ ಇದು ಇಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 5 ಮೀಸಲಾತಿಯೂ ಇದೆ. ಶಾಲೆ ಸ್ವಲ್ಪ ದೂರವಿದ್ದರೆ ಹೆಣ್ಣುಮಕ್ಕಳಿಗೂ ಜೊತೆಗೆ ಹೋಗುವ ತಾಯಿಗೂ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ.

ಮಾಧ್ಯಮ

ಇಂಗ್ಲಿಷ್ ಬೇಕು ಎನ್ನುವ ಆಸೆ ತಪ್ಪಲ್ಲ, ನ್ಯಾಯವಾದದ್ದೇ. ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲೇ ಎಲ್ಲವನ್ನೂ ಕಲಿಯುವುದು ಬೇರೆ. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಇಲ್ಲದಿದ್ದಾಗ ಮೂರನೇ ತರಗತಿಯವರೆಗೆ ಮನೆಮಾತಿಗೆ ಹತ್ತಿರದ ಭಾಷೆಯಲ್ಲಿ ಓದು-ಲೆಕ್ಕ ಗಟ್ಟಿಯಾಗುವುದು ಮುಖ್ಯ. ಎರಡೂ ಬೇಕೆನ್ನುವವರು ದ್ವಿಭಾಷಾ ತರಗತಿ ಇರುವ ಸರ್ಕಾರಿ ಶಾಲೆ ಹುಡುಕಿ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದರು, ಆಮೇಲೆ ಇನ್ನಷ್ಟು ಸೇರಿವೆ. ಬಿಇಓ ಆಫೀಸಿನಲ್ಲಿ ಪಟ್ಟಿ ಸಿಗುತ್ತದೆ. ಅಲ್ಲಿಯೂ ಕೇಳಿ: ಆ ವಿಭಾಗಕ್ಕೆ ಬೇರೆ ಮೇಷ್ಟ್ರು ಇದ್ದಾರೆಯೇ, ಅಥವಾ ಕನ್ನಡ ವಿಭಾಗದವರೇ ಎರಡನ್ನೂ ಎಳೆಯುತ್ತಿದ್ದಾರೆಯೇ?

ಉದಯಗಿರಿ, ಶಾಂತಿನಗರ ಕಡೆ ಉರ್ದು ಮನೆಮಾತಿನವರಿಗೆ ಉರ್ದು ಮಾಧ್ಯಮವೂ ಒಂದು ದಾರಿ. ಸಣ್ಣ ಮಗುವಿಗೆ ಅದು ಸಲೀಸು. ಆದರೆ ಕನ್ನಡ ಹೇಳಿಕೊಡುವ ಮೇಷ್ಟ್ರು ಇದ್ದಾರೆಯೇ, ಐದನೇ ತರಗತಿಯ ಮಗು ಕನ್ನಡದ ಬಸ್ ಬೋರ್ಡು ಓದುತ್ತದೆಯೇ ಎಂದು ನೋಡದೆ ಸೇರಿಸಬೇಡಿ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಮೌಲಾನಾ ಆಜಾದ್ ಮಾದರಿ ಶಾಲೆಗಳೂ ಇವೆ. ಮೊರಾರ್ಜಿ ಶಾಲೆಗೆ ಐದನೆಯಲ್ಲಿರುವಾಗಲೇ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಬೇಸಿಗೆಯಲ್ಲಿ ನೆನಪಾದರೆ ಹೊತ್ತು ಮೀರಿರುತ್ತದೆ.

ಸೇರಿಸುವಾಗ

ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದು ಆ ಒಂದು ವರ್ಷಕ್ಕೆಂದು. ಎಲ್‌ಕೆಜಿಗೆ ಹಾಕುವಾಗಲೇ ಬೆರಳೆಣಿಸಿ ನೋಡಿ, ಇಲ್ಲದಿದ್ದರೆ ಯುಕೆಜಿ ಮುಗಿದ ಮೇಲೆ ಮಗು ಒಂದು ವರ್ಷ ಅಲ್ಲೇ ನಿಲ್ಲಬೇಕಾಗುತ್ತದೆ.

ಜನನ ಪ್ರಮಾಣ ಪತ್ರ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ರೇಷನ್ ಕಾರ್ಡು, ಆಧಾರ್, ಫೋಟೋ ಇಟ್ಟುಕೊಳ್ಳಿ. ವಯಸ್ಸಿನ ದಾಖಲೆ ಇಲ್ಲವೆಂದು, ಹಿಂದಿನ ಶಾಲೆಯ ಟಿಸಿ ತಡವಾಯಿತೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ಮಗುವಿಗೋ ನಿಮಗೋ ‘ಇಂಟರ್‌ವ್ಯೂ’ ಮಾಡುವುದು, ಡೊನೇಷನ್ ಕೇಳುವುದು ಎರಡೂ ಕಾಯ್ದೆಗೆ ವಿರುದ್ಧ. ಇಂಟರ್‌ವ್ಯೂಗೆ ಮೊದಲ ಸಲ 25,000 ರೂಪಾಯಿವರೆಗೆ, ಡೊನೇಷನ್‌ಗೆ ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡವಿದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಹೆಸರು. ಜನನ ಪತ್ರದಲ್ಲಿ ‘ಮಹದೇವಸ್ವಾಮಿ ಎಂ’, ಆಧಾರಿನಲ್ಲಿ ‘ಮಾದೇವ್’, ಶಾಲೆಯಲ್ಲಿ ‘ಮಹದೇವ ಸ್ವಾಮಿ’. ಶಾಲೆಯವರು ಸ್ಯಾಟ್ಸ್ ಎಂಬ ಸರ್ಕಾರದ ಕಂಪ್ಯೂಟರ್ ದಾಖಲೆಗೆ ಏರಿಸಿ ಸ್ಯಾಟ್ಸ್ ನಂಬರ್ ಕೊಡುತ್ತಾರೆ. ಆ ಹೆಸರೇ ಮುಂದೆ ಟಿಸಿಗೂ ಅಂಕಪಟ್ಟಿಗೂ ಹೋಗುತ್ತದೆ. ಸೇರಿಸಿದ ದಿನವೇ ಪ್ರಿಂಟ್ ಕೇಳಿ, ಮಗುವಿನ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ದಿನ, ಜಾತಿ ಈ ನಾಲ್ಕನ್ನೂ ಕನ್ನಡ-ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ಓದಿ. ಓದು ಬರದಿದ್ದರೆ ಅಂಗನವಾಡಿ ಟೀಚರನ್ನೋ ಓದಿದ ಹುಡುಗಿಯೊಬ್ಬಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಅವತ್ತು ಐದು ನಿಮಿಷದ ಕೆಲಸ, ಹತ್ತನೇ ತರಗತಿಯಲ್ಲಿ ತಿಂಗಳುಗಟ್ಟಲೆ ಅಲೆದಾಟ.

ಸೇರಿದ ಮೇಲೆ

ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇರುತ್ತದೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರಬೇಕು. ಸಭೆಗೆ ಹೋಗಿ. ಹೋಗುವವರು ಇಲ್ಲದ ಕಡೆ ಮನೆಗೇ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವುದು ನಡೆಯುತ್ತದೆ, ಅದಕ್ಕೆ ಆಸ್ಪದ ಕೊಡಬೇಡಿ. ಮೇಷ್ಟ್ರು ಕೊರತೆ, ನೀರಿನ ತೊಂದರೆ ಯಾವುದೇ ಇರಲಿ, ಸಮಿತಿಯ ನಿರ್ಣಯ ಬರೆಸಿ ಅರ್ಜಿ ಕೊಟ್ಟರೆ ತೂಕ ಬರುತ್ತದೆ. ದೂರಿದ್ದರೆ ಮೊದಲು ಮುಖ್ಯ ಶಿಕ್ಷಕರು, ಆಮೇಲೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಓ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಬರೆದು, ಒಂದರ ಮೇಲೆ ಸೀಲು-ತಾರೀಖು ಹಾಕಿಸಿಕೊಳ್ಳಿ. ಹೊಡೆತ, ದೌರ್ಜನ್ಯದ ವಿಷಯವಾದರೆ ಈ ಮೆಟ್ಟಿಲು ಹತ್ತುತ್ತಾ ಕೂರದೆ 1098ಕ್ಕೆ ಫೋನ್ ಮಾಡಿ.

ಮಗು ಎರಡನೇ ತರಗತಿ ದಾಟಿದ ಮೇಲೆ, ಪ್ರತಿ ವರ್ಷ ದಸರಾ ರಜೆಯಲ್ಲಿ, ಅಜ್ಜಿ-ಮಂಗದ ಹಾಳೆಯಂಥದ್ದೊಂದನ್ನು ಹೊಸದಾಗಿ ಬರೆದು ಓದಿಸಿ, ತಾರೀಖು ಹಾಕಿಡಿ. ಹಿಂದಿನ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ವ್ಯತ್ಯಾಸವೇ ಕಾಣದಿದ್ದರೆ ಎರಡೂ ಹಾಳೆ ಹಿಡಿದು ತರಗತಿಯ ಮೇಷ್ಟ್ರ ಹತ್ತಿರ ಹೋಗಿ. ‘ನಮ್ಮ ಮಗು ಇಲ್ಲಿ ನಿಂತಿದೆ ಮೇಷ್ಟ್ರೇ, ಮನೆಯಲ್ಲಿ ನಾವೇನು ಮಾಡಬೇಕು, ನೀವೇನು ಮಾಡ್ತೀರಿ’ ಎಂದು ಕೇಳಿ. ಒಳ್ಳೆಯ ಮೇಷ್ಟ್ರು ಇದಕ್ಕೆ ಖುಷಿ ಪಡುತ್ತಾರೆ. ಜನವರಿವರೆಗೂ ಏನೂ ಬದಲಾಗದಿದ್ದರೆ ಹಳೆಯ ಪಟ್ಟಿ ತೆಗೆದು ಎರಡನೇ ಹೆಸರಿನ ಶಾಲೆಗೆ ಹೋಗಿ ಬನ್ನಿ. ಮಾರ್ಚಿನಲ್ಲೇ ಟಿಸಿಗೆ ಬರೆದು ಕೊಟ್ಟರೆ ಜೂನ್ ಹೊತ್ತಿಗೆ ಸ್ಯಾಟ್ಸ್‌ನಲ್ಲಿ ಹೆಸರು ಹೊಸ ಶಾಲೆಗೆ ಬಂದಿರುತ್ತದೆ, ಮಗುವಿಗೆ ಪಠ್ಯಪುಸ್ತಕವೂ ಮೊದಲ ವಾರವೇ ಸಿಗುತ್ತದೆ.